ಕಂಡದ್ದೆಷ್ಟು, ಕಟ್ಟಿದ್ದೆಷ್ಟು?

ಸೊಲ್ಲಾಪುರ ನಗರದಲ್ಲಿ ‘ಸೆಟ್ಲ್‌ಮೆಂಟ್ ಫ್ರೀ ಕಾಲನಿ’ ಎಂಬ ಬಡಾವಣೆಯಿದೆ. ಅಂಚೆಯ ವಿಳಾಸದಲ್ಲಿ, ಪಡಿತರ ಚೀಟಿಯಲ್ಲಿ, ಮಕ್ಕಳ ಶಾಲಾ ಪ್ರವೇಶದ ಅರ್ಜಿಯಲ್ಲಿ ಅಲ್ಲಿಯವರು ಇಂದಿಗೂ ಬರೆಯಬೇಕಾದ ಹೆಸರು ಅದೇ. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ‘ಸೆಟ್ಲ್‌ಮೆಂಟ್’ ಎಂದೇ ಕರೆಯುವ ಕೇರಿಗಳಿವೆ. ಆ ಹೆಸರಿನ ಹಿಂದೆ ಒಂದು ತಂತಿಬೇಲಿ ಇತ್ತೆಂಬುದು ಅದನ್ನು ದಿನವೂ ಉಚ್ಚರಿಸುವ ಅನೇಕರಿಗೆ ತಿಳಿದಿರಲಾರದು. ಅಪರಾಧಿ ಕುಲಗಳೆಂದು ಬ್ರಿಟಿಷ್ ಸರ್ಕಾರ ಸಾರಿದ ಸಮುದಾಯಗಳಲ್ಲಿ ಹುಟ್ಟಿದವರನ್ನು, ಅವರಲ್ಲಿ ಎಂದೂ ಕದಿಯದವರನ್ನೂ ಹಸುಗೂಸುಗಳನ್ನೂ ಸೇರಿಸಿ, ಆ ಬೇಲಿಯೊಳಗೆ ಇರಿಸಲಾಗಿತ್ತು. ನಡತೆ ಉತ್ತಮವೆಂದು ಅಧಿಕಾರಿಗೆ ಮನವರಿಕೆಯಾದ ಕುಟುಂಬಕ್ಕೆ ಬೇಲಿಯ ಹೊರಗೆ ವಾಸಿಸಲು ಅನುಮತಿ ಸಿಗುತ್ತಿತ್ತು. ಆ ಹೊರಗಿನ ವಸತಿಯೇ ‘ಫ್ರೀ ಕಾಲನಿ’.

ಒಂದು ಜನಾಂಗಕ್ಕೆ ಒಂದು ಗುಣವನ್ನು ಅಂಟಿಸಿ ಮಾತನಾಡುವವರು ಸಾಮಾನ್ಯವಾಗಿ ಹೇಳುವ ಸಮರ್ಥನೆಯೊಂದಿದೆ: ‘ನಮಗೆ ಯಾರ ಮೇಲೂ ದ್ವೇಷವಿಲ್ಲ, ಕಂಡದ್ದನ್ನು ಹೇಳುತ್ತೇವೆ.’ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಶಾಸನವನ್ನು ತಂದವರೂ ಹೀಗೆಯೇ ನಂಬಿದ್ದರು. ಈ ದೇಶದಲ್ಲಿ ಕಸುಬು ಹುಟ್ಟಿನಿಂದ ಬರುತ್ತದೆ, ಬಡಗಿಯ ಮಗ ಬಡಗಿಯಾಗುತ್ತಾನೆ, ಆದುದರಿಂದ ಕಳ್ಳತನವನ್ನೇ ಕುಲಕಸುಬಾಗಿ ಮಾಡುವ ಜಾತಿಗಳೂ ಇರಲೇಬೇಕು ಎಂಬುದು ಅವರ ತರ್ಕ. ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದ ಬಳಿಕ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಶಾಸನ 1911ರ ತಿದ್ದುಪಡಿಯೊಂದಿಗೆ ಮದರಾಸು, ಮುಂಬಯಿ ಪ್ರಾಂತಗಳಿಗೂ ಬಂದಿತು.

ಆ ಕಾಲದ ಅಧಿಕಾರಿಗಳು ಸೋಮಾರಿಗಳಾಗಿರಲಿಲ್ಲ. ಮದರಾಸು ಪ್ರಾಂತದ ‘ಅಪರಾಧಿ ವರ್ಗ’ಗಳ ಕುರಿತು ಮುಲ್ಲಲಿ ಎಂಬ ಪೊಲೀಸ್ ಅಧಿಕಾರಿಯ ಪುಸ್ತಕ 1892ರಲ್ಲಿ ಹೊರಬಂದಿತು. ಮುಂಬಯಿ ಪ್ರಾಂತಕ್ಕೆ ಕೆನಡಿಯವರ ಪುಸ್ತಕ 1908ರಲ್ಲಿ ಬಂದಿತು. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಜನರ ಮೂಗು, ತಲೆಗಳ ಅಳತೆ ತೆಗೆದರು. ಆ ವಿದ್ಯೆಯನ್ನು ಪೊಲೀಸರಿಗೂ ಕಲಿಸಿದರು. ಉಡುಪು, ಮಾತು, ಗುಪ್ತ ಸಂಕೇತ, ಕನ್ನ ಹಾಕುವ ಬಗೆ ಎಲ್ಲವೂ ಈ ಬಗೆಯ ಬರಹಗಳಲ್ಲಿ ಸೇರಿದವು. ಇಷ್ಟೆಲ್ಲ ವಿವರಗಳಿರುವ ಬರಹವನ್ನು ಪೂರ್ವಗ್ರಹವೆಂದು ಕರೆಯಲು ಓದುಗನಿಗೆ ಸಂಕೋಚವಾಗುತ್ತದೆ.

ಆದರೆ ಅವರು ಕಾಣದೆ ಬಿಟ್ಟದ್ದೂ ಬಹಳ. ಕೊರಚ, ಕೊರಮ, ಕೊರವ, ಎರುಕಲ ಎಂದು ನಾಡಿನಿಂದ ನಾಡಿಗೆ ಹೆಸರು ಬದಲಾಗುವ ಜನರನ್ನು ನೋಡಿದರೆ ಸಾಕು. ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಹೇರಿ ಒಳನಾಡಿಗೆ ತಂದು, ಬದಲಿಗೆ ಧಾನ್ಯ ಕೊಂಡೊಯ್ಯುವುದು ಅವರಲ್ಲಿ ಬಹುಜನರ ಜೀವನವಾಗಿತ್ತು. ರಸ್ತೆಯಿಲ್ಲದ ಊರಿಗೆ ಉಪ್ಪು ಮುಟ್ಟಿಸುತ್ತಿದ್ದವರು ಇವರೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂದಿತು. ಉಪ್ಪಿನ ವ್ಯವಹಾರ ಸರ್ಕಾರದ ಬಿಗಿ ಹಿಡಿತಕ್ಕೆ ಸಿಕ್ಕಿತು. ಅರಣ್ಯ ಕಾನೂನುಗಳು ದನ ಮೇಯಿಸುವ, ಬಿದಿರು ಕಡಿಯುವ ದಾರಿಗಳನ್ನು ಮುಚ್ಚಿದವು. ಒಂದೆರಡು ತಲೆಮಾರಿನಲ್ಲಿ ಅನ್ನದ ದಾರಿ ಕಳೆದುಕೊಂಡವರು ಆಮೇಲೆಯೂ ಅದೇ ಹಾದಿಗಳಲ್ಲಿ ಅಲೆದಾಗ, ಕೆಲಸವಿಲ್ಲದೆ ಅಲೆಯುವ ಜನರೆಂದು ಬರೆದುಕೊಂಡರು. ಕೆಲಸ ಎಲ್ಲಿ ಹೋಯಿತೆಂದು ಬರೆಯಲಿಲ್ಲ.

ಅದೇ ಜನರು ಬುಟ್ಟಿ, ಮರ, ಕಸಬರಿಗೆ ಮಾಡಿ ಮಾರುತ್ತಿದ್ದರು. ಉತ್ತರ ಕರ್ನಾಟಕದ ಮದುವೆಯ ಹಂದರದಲ್ಲಿ ಸನಾದಿ ನುಡಿಸುವ ಭಜಂತ್ರಿಗಳಲ್ಲಿ ಬಹುಮಂದಿ ಕೊರಮರು. ಅವರ ವಾದ್ಯವಿಲ್ಲದೆ ಅಕ್ಷತೆ ಬೀಳದ ಊರುಗಳಿದ್ದವು. ಮಂಗಳಕಾರ್ಯಕ್ಕೆ ಕರೆಯಲು ಯೋಗ್ಯರೆಂದು ಊರು ಕಂಡಿತ್ತು. ಪೊಲೀಸರ ಪುಸ್ತಕಕ್ಕೆ ಬೇಕಾಗಿದ್ದ ವಿಷಯ ಮಾತ್ರ ಬೇರೆ.

ಇನ್ನೂ ವಿಚಿತ್ರವಾದುದು ಅಂಕಿಗಳ ಕಥೆ. ಪಟ್ಟಿಯಲ್ಲಿದ್ದವನು ಅಪ್ಪಣೆಚೀಟಿಯಿಲ್ಲದೆ ತನ್ನ ನೆಲೆಯನ್ನು ಬಿಡುವಂತಿಲ್ಲ, ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು, ಬೆರಳಚ್ಚು ಒತ್ತಬೇಕು. ಮಗಳ ಬಾಣಂತನಕ್ಕೆಂದು ಪಕ್ಕದ ಊರಿಗೆ ಹೋಗಿ ಹಾಜರಿ ತಪ್ಪಿಸಿಕೊಂಡರೂ ಅದು ಶಿಕ್ಷಾರ್ಹ ಅಪರಾಧ. ಇತರರಿಗೆ ಅಪರಾಧವೇ ಅಲ್ಲದ ಕೃತ್ಯಕ್ಕೆ ಇವರಿಗೆ ಶಿಕ್ಷೆ. ಆ ಶಿಕ್ಷೆ ದಾಖಲೆಗೆ ಸೇರುತ್ತದೆ. ದಾಖಲೆ ದಪ್ಪವಾದಷ್ಟೂ ಕುಲವೇ ಅಪರಾಧಿಯೆಂಬುದಕ್ಕೆ ಪುರಾವೆ ಬೆಳೆಯುತ್ತದೆ. ಊರಿನಲ್ಲಿ ಕಳ್ಳತನವಾದರೆ ಪೊಲೀಸರು ಮೊದಲು ಹುಡುಕುವುದೂ ಇವರ ಬಿಡಾರವನ್ನೇ. ಹುಡುಕಿದಲ್ಲಿ ಏನಾದರೂ ಸಿಕ್ಕೀತು. ಹುಡುಕದ ಮನೆಯಲ್ಲಿ ಏನೂ ಸಿಗುವುದಿಲ್ಲ. 1920ರ ಏಪ್ರಿಲ್ 3ರಂದು ಮದುರೆ ಸೀಮೆಯ ಪೆರುಂಗಾಮನಲ್ಲೂರಿನ ಕಳ್ಳರ್ ಸಮುದಾಯದವರು ಬೆರಳಚ್ಚು ಕೊಡಲು ಒಪ್ಪದೆ ನಿಂತಾಗ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು.

ಮಕ್ಕಳ ವಿಷಯದಲ್ಲಿ ಶಾಸನ ಇನ್ನಷ್ಟು ಕಠೋರವಾಗಿತ್ತು. ತಾಯಿತಂದೆಯರಿಂದ ಮಕ್ಕಳನ್ನು ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು. ಇಲ್ಲಿಯೇ ಅದರ ತರ್ಕ ಮುರಿಯುತ್ತದೆ. ಕಳ್ಳತನ ರಕ್ತದಲ್ಲಿದ್ದರೆ ಶಾಲೆಯಿಂದ ಪ್ರಯೋಜನವೇನು? ಶಾಲೆಯಿಂದ ಪ್ರಯೋಜನವಾಗುವುದಾದರೆ ರಕ್ತದ ಮಾತೇಕೆ? ಸೊಲ್ಲಾಪುರದ ಬೇಲಿಯೊಳಗಿನವರು ಹಗಲೆಲ್ಲ ಗಿರಣಿಗಳಲ್ಲಿ ನೂಲು ತೆಗೆದರು. ನಗರದ ಇತರ ಕಾರ್ಮಿಕರಂತೆಯೇ ದುಡಿದ ಆ ಕೈಗಳು ಸಂಜೆ ಹಾಜರಿಯ ಸಾಲಿನಲ್ಲಿ ಮತ್ತೆ ಅಪರಾಧಿಯ ಕೈಗಳಾಗುತ್ತಿದ್ದವು.

ಹಾಗೆಂದು ಆ ಸಮುದಾಯಗಳಲ್ಲಿ ಯಾರೂ ಕದಿಯುತ್ತಿರಲಿಲ್ಲವೆಂದು ವಾದಿಸುವುದು ಸುಳ್ಳಾದೀತು. ಅದನ್ನು ಮುಚ್ಚಿಡದೆ ಹೇಳಿದವರು ಒಳಗಿನವರೇ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥೆ ‘ಉಚಲ್ಯಾ’ದಲ್ಲಿ ಕಳ್ಳತನವಿದೆ, ಜೊತೆಗೆ ಹಸಿವೂ ಇದೆ, ಪೊಲೀಸರ ಹೊಡೆತವೂ ಇದೆ, ಶಾಲೆಗೆ ಹೋಗುವ ಹುಡುಗನ ಕಷ್ಟವೂ ಇದೆ. ಕೆನಡಿಯವರಂಥವರ ಪುಸ್ತಕಕ್ಕೂ ಇದಕ್ಕೂ ಇರುವ ಅಂತರವನ್ನು ಬೆಳೆದ ಮಕ್ಕಳಿರುವ ಮನೆಗಳಲ್ಲಿ ಓದಿ ನೋಡಬಹುದು. ಅಲ್ಲಿ ಕುಲವೊಂದು ಕದಿಯುತ್ತದೆ. ಇಲ್ಲಿ ಇಂತಹ ದಿನ, ಇಂತಹ ಕಾರಣಕ್ಕೆ, ಇಂತಹ ಮನುಷ್ಯ ಕದಿಯುತ್ತಾನೆ. ಅವನ ಪಕ್ಕದಲ್ಲೇ ಕದಿಯದ ಮನುಷ್ಯನೂ ಇರುತ್ತಾನೆ. ‘ಕಂಡದ್ದನ್ನು ಹೇಳುತ್ತೇವೆ’ ಎಂಬ ಮಾತಿಗೆ ನಿಜವಾಗಿ ನಿಲ್ಲುವುದು ಎರಡನೆಯ ಪುಸ್ತಕವೇ.

ಸ್ವಾತಂತ್ರ್ಯದ ಬಳಿಕ ಅನಂತಶಯನಂ ಅಯ್ಯಂಗಾರರ ಸಮಿತಿಯ ಶಿಫಾರಸಿನಂತೆ 1952ರ ಆಗಸ್ಟ್ 31ರಂದು ಶಾಸನ ದೇಶದಾದ್ಯಂತ ರದ್ದಾಯಿತು. ಆ ದಿನವನ್ನು ವಿಮುಕ್ತ ಸಮುದಾಯಗಳು ಇಂದಿಗೂ ತಮ್ಮ ಬಿಡುಗಡೆಯ ದಿನವಾಗಿ ಆಚರಿಸುತ್ತವೆ. ಆದರೆ ಹಳೆಯ ಶಾಸನದ ಜಾಗಕ್ಕೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ ಕಾಯಿದೆಗಳು ಬಂದವು. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಶಬರ ಸಮುದಾಯದ ಬುಧನ್ ಎಂಬ ಯುವಕ ಪೊಲೀಸರ ಹಿಂಸೆಗೊಳಗಾಗಿ ಬಂಧನದಲ್ಲಿಯೇ ಮೃತನಾದ. ಮಹಾಶ್ವೇತಾದೇವಿ ಮೊದಲಾದವರ ಪ್ರಯತ್ನದಿಂದ ಆ ಪ್ರಕರಣ ಕಲ್ಕತ್ತಾ ಹೈಕೋರ್ಟನ್ನು ಮುಟ್ಟಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜಾತಿಯನ್ನು ನೋಡಿ ಕೈದಿಗಳಿಗೆ ಕೆಲಸ ಹಂಚುವ ಸೆರೆಮನೆಯ ನಿಯಮಗಳನ್ನು ರದ್ದುಪಡಿಸಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೂ ಸೂಚಿಸಿತು. ಸೆರೆಮನೆಯ ದಾಖಲೆಗಳಿಂದ ಜಾತಿಯ ಅಂಕಣವನ್ನು ತೆಗೆಯಲು ಹೇಳಿತು.

ಅಂಕಣ ಅಳಿಸಬಹುದು, ಹೆಸರು ಅಳಿಸುವುದು ಕಷ್ಟ. ಕನ್ನಡ, ಮರಾಠಿ ನಾಡುಗಳ ಒಂದು ಸಮುದಾಯಕ್ಕೆ ‘ಗಂಟಿಚೋರ್’ ಎಂದೇ ಹೆಸರು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ ಅದು ಹಾಗೆಯೇ ಇದೆ. ಶುಲ್ಕ ವಿನಾಯಿತಿಗೋ ವಿದ್ಯಾರ್ಥಿವೇತನಕ್ಕೋ ಆ ಮನೆಯ ಹುಡುಗಿ ತರುವ ಪ್ರಮಾಣಪತ್ರದಲ್ಲಿ ಸರ್ಕಾರದ ಮೊಹರಿನೊಂದಿಗೆ ಕಳ್ಳತನದ ಆರೋಪವೂ ಅಚ್ಚಾಗಿರುತ್ತದೆ. ತರಗತಿಯಲ್ಲಿ ಯಾರದೋ ಕಂಪಾಸ್ ಪೆಟ್ಟಿಗೆ ಕಾಣೆಯಾದ ದಿನ, ಉಳಿದ ಮಕ್ಕಳು ಮೊದಲು ಯಾರ ಚೀಲದತ್ತ ತಿರುಗಿ ನೋಡುತ್ತಾರೆಂಬುದು ಅವರ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಆಡಿದ ಮಾತುಗಳನ್ನು ಅವಲಂಬಿಸಿರುತ್ತದೆ.