ಕೊಬ್ಬಿನ ಗುಳ್ಳೆ ಹೊತ್ತು ತಂದ ಮದ್ದು

2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ ‘ಲೈಪೊಸೋಮಲ್ ಆಂಫೊಟೆರಿಸಿನ್-ಬಿ’ ಚುಚ್ಚುಮದ್ದಿಗಾಗಿ ಕರ್ನಾಟಕದಲ್ಲೂ ಜನ ಪರದಾಡಿದರು. ಅದೇ ಮದ್ದು ಅದಕ್ಕೂ ಮೊದಲೇ ಬಿಹಾರದ ಹಳ್ಳಿಗಳಲ್ಲಿ ಇನ್ನೊಂದು ರೋಗದ ಮೊಂಡುತನ ಮುರಿದಿತ್ತು.

ಆ ರೋಗ ಕಾಲಾ ಅಜಾರ್. ಮರಳುನೊಣ ಕಚ್ಚಿದಾಗ ಮೈ ಸೇರುವ ಲೀಷ್ಮೇನಿಯಾ ಪರಾವಲಂಬಿ, ರೋಗಾಣುಗಳನ್ನು ನುಂಗಲೆಂದೇ ಇರುವ ರಕ್ಷಕ ಕೋಶಗಳ ಒಳಗೇ ಬಿಡಾರ ಹೂಡುತ್ತದೆ. ಜ್ವರ ಬಿಡದು, ಗುಲ್ಮ ಊದುತ್ತದೆ. ಚಿಕಿತ್ಸೆ ಸಿಗದಿದ್ದರೆ ಉಳಿಯುವವರು ವಿರಳ. 1920ರ ದಶಕದಲ್ಲಿ ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ ಅವರ ಯೂರಿಯಾ ಸ್ಟಿಬಮೈನ್ ಎಂಬ ಆಂಟಿಮನಿ ಮದ್ದು ಅಪಾರ ಜೀವಗಳನ್ನು ಉಳಿಸಿತು. ಮುಂದೆಯೂ ದಶಕಗಳ ಕಾಲ ಆಂಟಿಮನಿ ಮದ್ದುಗಳದ್ದೇ ಆಧಾರ. ಅರೆಬರೆ ಡೋಸು, ನಡುವೆಯೇ ಬಿಟ್ಟ ಚಿಕಿತ್ಸೆ ಹೆಚ್ಚಿದಂತೆ ಪರಾವಲಂಬಿ ಅವನ್ನೂ ಜೀರ್ಣಿಸಿಕೊಂಡಿತು. 1990ರ ದಶಕದ ಕೊನೆಗೆ ಉತ್ತರ ಬಿಹಾರದ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಆಂಟಿಮನಿ ನಾಟುತ್ತಿರಲಿಲ್ಲ.

ವೆನೆಜುವೆಲಾದ ಒರಿನೊಕೊ ನದಿ ಬಳಿಯ ಮಣ್ಣಿನ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಸಿಕ್ಕಿದ್ದ ಆಂಫೊಟೆರಿಸಿನ್ ಮಾತ್ರ ಗುಣ ಮಾಡುತ್ತಿತ್ತು. ಆದರೆ ದಿನ ಬಿಟ್ಟು ದಿನ ಡ್ರಿಪ್, ಒಟ್ಟು 15 ಬಾರಿ. ಡ್ರಿಪ್ ಹಾಕಿದಾಗ ಚಳಿಜ್ವರ, ಗಡಗಡ ನಡುಕ, ಮೂತ್ರಪಿಂಡಕ್ಕೂ ಪೆಟ್ಟು. ದಿನಗೂಲಿಯವನು ತಿಂಗಳಿಡೀ ಆಸ್ಪತ್ರೆಯಲ್ಲಿ ಮಲಗಿದರೆ ಮನೆಯ ಒಲೆ ಹೇಗೆ ಉರಿಯಬೇಕು?

ದಾರಿ ತೆರೆದದ್ದು ಇಂಗ್ಲೆಂಡಿನಲ್ಲಿ. 1961ರಲ್ಲಿ ಕೇಂಬ್ರಿಜ್ ಸಮೀಪದ ಬಾಬ್ರಹಾಂ ಸಂಸ್ಥೆಯ ಅಲೆಕ್ ಬ್ಯಾಂಗಮ್, ನೀರಿಗೆ ಬಿದ್ದ ಲೆಸಿಥಿನ್ ಎಂಬ ಕೊಬ್ಬು ತಾನಾಗಿಯೇ ಪೊರೆ ಕಟ್ಟಿಕೊಂಡು ಗುಳ್ಳೆಗಳಾಗುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಅವರು ಹುಡುಕುತ್ತಿದ್ದದ್ದು ಜೀವಕೋಶದ ಪೊರೆಯ ಗುಟ್ಟನ್ನು, ಮದ್ದನ್ನಲ್ಲ. 100 ನ್ಯಾನೊಮೀಟರ್‌ಗೂ ಕಿರಿದಾದ ಇಂಥ ಗುಳ್ಳೆಯ, ಅಂದರೆ ಲೈಪೊಸೋಮಿನ, ಪೊರೆಯಲ್ಲಿ ಆಂಫೊಟೆರಿಸಿನ್ ಕೂರಿಸಿದ ಔಷಧ 1990ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಗುಳ್ಳೆಯಲ್ಲಿದ್ದಾಗ ಮದ್ದು ಮೂತ್ರಪಿಂಡವನ್ನು ಅಷ್ಟಾಗಿ ಕಾಡುವುದಿಲ್ಲ. ಮೇಲಾಗಿ, ರಕ್ತದಲ್ಲಿ ತೇಲುವ ಗುಳ್ಳೆಗಳನ್ನು ಕಂಡಲ್ಲಿ ನುಂಗುವುದು ಅವೇ ರಕ್ಷಕ ಕೋಶಗಳು! ಪರಾವಲಂಬಿ ಅಡಗಿದ ಜಾಗಕ್ಕೇ ಮದ್ದು ತಲುಪುತ್ತದೆ. ಈ ವಿಷಯದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದೇ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಮುಜಫ್ಫರ್‌ಪುರದಲ್ಲಿ 412 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗುಳ್ಳೆಮದ್ದಿನ ಒಂದೇ ಒಂದು ಡ್ರಿಪ್ ಪಡೆದವರಲ್ಲಿ ಆರು ತಿಂಗಳ ಬಳಿಕ ಶೇ 95.7ರಷ್ಟು ಮಂದಿ ಗುಣವಾಗಿದ್ದರು. ಹಳೆಯ ರೂಪದ ಮದ್ದಿನ 15 ಡ್ರಿಪ್ ಪಡೆದವರಲ್ಲಿ ಶೇ 96.3. ಒಂದೇ ಡ್ರಿಪ್ ಆದರೆ ಮರುದಿನವೇ ಮನೆಗೆ ಹೋಗಬಹುದು!

2014ರಲ್ಲಿ ಭಾರತ ಒಂದೇ ಡೋಸಿನ ಈ ಕ್ರಮವನ್ನೇ ಮೊದಲ ಆಯ್ಕೆಯಾಗಿಸಿತು. ದುಬಾರಿ ಮದ್ದು ಬಿಹಾರಕ್ಕೆ ಬಂದದ್ದು ತಯಾರಕ ಕಂಪನಿ ಗಿಲಿಯಡ್ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ನೀಡಿದ ದಾನವಾಗಿ. ಬಾಟಲಿಗಳನ್ನು 25 ಡಿಗ್ರಿ ಸೆಲ್ಸಿಯಸ್ ಮೀರದಂತೆ ಕಾಪಾಡಬೇಕು. ಬಿಹಾರದ ಬೇಸಿಗೆಯಲ್ಲಿ ಅದಕ್ಕೆ ಫ್ರಿಜ್ಜೂ ಬೇಕು, ಕೈಕೊಡದ ಕರೆಂಟೂ ಬೇಕು.