ಡಬ್ಬಿಯ ಮೇಲೆ 25, ಒಳಗೆ ಎಷ್ಟು?

ಕಂಗಿನ ತೋಟಕ್ಕೆ ನೀರು ಬಿಡಲು ಪಂಪಿನ ಸ್ವಿಚ್ಚು ಒತ್ತಿದಿರಿ. ಮೋಟಾರು ‘ಗುಂಯ್’ ಎಂದಿತೇ ಹೊರತು ತಿರುಗಲಿಲ್ಲ. ಮೊದಲು ಸ್ವಿಚ್ಚು ಆರಿಸಿ. ಹಾಗೇ ಬಿಟ್ಟರೆ ಇಲ್ಲದ ರೋಗವೂ ಬಂದು ವೈಂಡಿಂಗ್ ನಿಜವಾಗಿಯೇ ಸುಟ್ಟೀತು.

ನನ್ನ ಕೆರೆಬದಿಯ ಒಂದು ಎಚ್‌ಪಿ ಪಂಪು ಒಂದು ಬೇಸಗೆಯಲ್ಲಿ ಹೀಗೇ ಮುನಿಸಿಕೊಂಡಿತು. ರಿಪೇರಿಯವರೊಬ್ಬರು ನೋಡಿದವರೇ “ವೈಂಡಿಂಗ್ ಹೋಗಿದೆ” ಎಂದರು. ಮೋಟಾರು ಆಟೋ ಹತ್ತಿ ಪೇಟೆಗೆ ಹೋಯಿತು, ಹೊಸ ತಂತಿ ಸುತ್ತಿಸಿಕೊಂಡು ಐದನೆಯ ದಿನ ಬಂತು. ಬಂದು ಮತ್ತೆ ‘ಗುಂಯ್’ ಎಂದಿತು! ಸೋಗೆಗಳು ಬಾಡತೊಡಗಿದ್ದವು. ಕೊನೆಗೆ ನೆರೆಮನೆಯ ಹುಡುಗ ಮಲ್ಟಿಮೀಟರ್ ತಂದು ಕೆಪ್ಯಾಸಿಟರನ್ನು ಅಳೆದ. ಡಬ್ಬಿಯ ಮೇಲೆ 25 ಮೈಕ್ರೋಫ್ಯಾರಡ್ ಎಂದಿತ್ತು. ಮೀಟರು 11 ತೋರಿಸಿತು. ಬ್ಯಾಂಕಿನಲ್ಲಿ ಲೆಡ್ಜರು ಬರೆದೇ ನಿವೃತ್ತನಾದವನು ನಾನು. ಪಾಸ್‌ಬುಕ್ಕಿನ ಅಂಕಿಯನ್ನು ಲೆಡ್ಜರಿಗೆ ತಾಳೆ ನೋಡದೆ ಹಣ ಕೊಟ್ಟ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು.

ಹಳಬರು ಕಂಡೆನ್ಸರ್ ಎನ್ನುವ ಈ ಡಬ್ಬಿಗೆ ಮೋಟಾರಿನಲ್ಲಿ ಏನು ಕೆಲಸ? ಸಿಂಗಲ್ ಫೇಸ್ ಕರೆಂಟು ಒಂದೇ ಸುರುಳಿಯಲ್ಲಿ ಹರಿದರೆ ಎಳೆತ ಹಿಂದೆ ಮುಂದೆ ಆಗುತ್ತದೆಯೇ ವಿನಾ ಸುತ್ತುವುದಿಲ್ಲ. ಎರಡನೆಯ ಸುರುಳಿಗೆ ಕರೆಂಟನ್ನು ತುಸು ಹೊತ್ತು ತಪ್ಪಿಸಿ ಕೊಟ್ಟು, ಸುತ್ತುವ ಎಳೆತ ಹುಟ್ಟಿಸುವುದೇ ಕೆಪ್ಯಾಸಿಟರ್. ಅದು ಎಷ್ಟು ವಿದ್ಯುತ್ತನ್ನು ಹಿಡಿದಿಡಬಲ್ಲದು ಎಂಬುದರ ಅಳತೆ ಫ್ಯಾರಡ್. ವಿಜ್ಞಾನಿ ಮೈಕೇಲ್ ಫ್ಯಾರಡೆಯ ಹೆಸರು. ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಫ್ಯಾರಡ್.

ಮೀಟರು ಇದನ್ನು ಅಳೆಯುವ ಬಗೆ ಸರಳ. ಒಂದೇ ಸಣ್ಣ ಧಾರೆಯಲ್ಲಿ ನೀರು ಬಿಟ್ಟರೆ ಚೊಂಬಿನಲ್ಲಿ ಮಟ್ಟ ಬೇಗ ಏರುತ್ತದೆ, ಹಂಡೆಯಲ್ಲಿ ನಿಧಾನ. ಮೀಟರು ತನ್ನ ಬ್ಯಾಟರಿಯಿಂದ ಗೊತ್ತಾದಷ್ಟು ಕರೆಂಟು ಕೊಟ್ಟು, ವೋಲ್ಟೇಜು ಏರಲು ಹಿಡಿದ ಸಮಯದಿಂದ ಲೆಕ್ಕ ಹಾಕುತ್ತದೆ.

ಆದರೆ ಅವಸರ ಬೇಡ. ಮೇನ್ ಆರಿಸಿ, ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕರೆಂಟು ಹೋದ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೌರ್ಯ ಬೇಡ. ಹಳೆಯ ತಂತಿಬಲ್ಬಿನ ಹೋಲ್ಡರಿನ ಎರಡು ವಯರುಗಳನ್ನು, ಬರಿಯ ತುದಿ ಮುಟ್ಟದೆ, ಅದರ ಎರಡು ತುದಿಗಳಿಗೆ ತುಸು ಹೊತ್ತು ಹಿಡಿಯಿರಿ. ಬಳಿಕ ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಸೊನ್ನೆಯಾಗಿದೆಯೇ ನೋಡಿ. ಎಸಿಯಲ್ಲಲ್ಲ, ಉಳಿದು ನಿಂತ ವಿದ್ಯುತ್ತು ಡಿಸಿ.

ಕೆಪ್ಯಾಸಿಟರಿನ ಒಂದು ವಯರನ್ನಾದರೂ ಬಿಚ್ಚಲೇಬೇಕು. ಇಲ್ಲದಿದ್ದರೆ ಮೋಟಾರಿನ ಸುರುಳಿಯೂ ಲೆಕ್ಕಕ್ಕೆ ಸೇರಿ ಅಂಕಿ ಕೆಡುತ್ತದೆ. ಮೈಕ್ರೋಫ್ಯಾರಡ್ ಗುರುತಿಗೆ ತಿರುಗಿಸಿ, ಕಡ್ಡಿಗಳ ಲೋಹಕ್ಕೆ ಬೆರಳು ತಾಗಿಸದೆ, ಅಂಕಿ ನಿಲ್ಲುವ ತನಕ ಕಾಯಿರಿ. ಡಬ್ಬಿಯ ಮೇಲೆ ಶೇಕಡಾ 5 ಹೆಚ್ಚುಕಡಿಮೆ ಎಂದಿದ್ದರೆ 25ರದ್ದು 23.75ರಿಂದ 26.25ರೊಳಗೆ ಇರಬೇಕು. ಅಗ್ಗದ ಕೆಲವು ಮೀಟರುಗಳು 20ರ ಮೇಲೆ ಅಳೆಯುವುದೇ ಇಲ್ಲ, ಕೊಳ್ಳುವಾಗ ಕೇಳಿಕೊಳ್ಳಿ.

ಮೀಟರಿಗೂ ಒಂದು ಮಿತಿಯುಂಟು. ಅದು ಪರೀಕ್ಷಿಸುವುದು ಕೆಲವೇ ವೋಲ್ಟಿನಲ್ಲಿ. ಅಲ್ಲಿ ಸರಿಯಾಗಿದ್ದದ್ದು ಪೂರ್ತಿ ವೋಲ್ಟೇಜಿನಲ್ಲಿ ಕೈಕೊಡಬಹುದು. ಅಂಕಿ ಸರಿಯಿದ್ದೂ ಮೋಟಾರು ತಿರುಗದಿದ್ದರೆ, ಫ್ಯೂಸು ಜೇಬಿನಲ್ಲೇ ಇರಲಿ, ದಂಡ ಕೈಯಲ್ಲಿ ತಿರುಗುತ್ತದೆಯೇ ನೋಡಿ. ತಿರುಗಿದರೆ ಒಳ್ಳೆಯದೆಂದು ಗೊತ್ತಿರುವ ಬೇರೆ ಕೆಪ್ಯಾಸಿಟರ್ ಹಾಕಿ ನೋಡಿ. ವೈಂಡಿಂಗಿನ ಮಾತು ಆಮೇಲೆ.

ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟು ಹಳೆಯದಕ್ಕಿಂತ ಕಡಿಮೆ ಬೇಡ. ಅಂಗಡಿಯಲ್ಲೇ ಅಳೆದು ತನ್ನಿ. ನಾನು ತಂದದ್ದು 24.6 ತೋರಿಸಿತು; ಆ ಸಂಜೆಯೇ ತೋಟಕ್ಕೆ ನೀರು ಬಿಟ್ಟೆ.