ದೊಡ್ಡವರು ಜೊತೆಗಿದ್ದರೆ ಸಾಕೇ?

ಹತ್ತನೇ ತರಗತಿ ಪರೀಕ್ಷೆ ಮುಗಿದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ವಾದ. ಬಿಡದಿಯ ವಂಡರ್‌ಲಾ ಪಾರ್ಕಿಗೆ ಗೆಳೆಯರೇ ಸೇರಿ ಹೋಗಿಬರ್ತೀವಿ ಅಂತ ಮಕ್ಕಳು, ದೊಡ್ಡವರು ಯಾರೂ ಇಲ್ಲದೆ ಕಳಿಸಲ್ಲ ಅಂತ ಅಮ್ಮ. ಈ ಜಗಳದ ತಳದಲ್ಲಿರುವ ಕೆಲವು ನಂಬಿಕೆಗಳನ್ನು ಎರಡೂ ಕಡೆಯವರು ಪರೀಕ್ಷೆಯಿಲ್ಲದೆ ಪಾಸು ಮಾಡಿಬಿಟ್ಟಿದ್ದಾರೆ.

ಅದರಲ್ಲಿ ಗಟ್ಟಿಯಾದದ್ದು, ಅಪ್ಪನೋ ಅಮ್ಮನೋ ಪಕ್ಕದಲ್ಲಿದ್ದರೆ ರೈಡ್‌ನಲ್ಲಿ ಏನೂ ಆಗದು ಎಂಬುದು. 2016ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯ ವಾಟರ್ ಪಾರ್ಕ್ ಒಂದರಲ್ಲಿ 10 ವರ್ಷದ ಹುಡುಗ ಸತ್ತಾಗ ಅವನ ಹೆತ್ತವರು ಅದೇ ಪಾರ್ಕಿನಲ್ಲಿದ್ದರು. ಅವನು ಇಳಿದದ್ದು 51 ಮೀಟರ್ ಎತ್ತರದ, ಆಗ ಜಗತ್ತಿನಲ್ಲೇ ಅತಿ ಎತ್ತರದ್ದು ಎನಿಸಿದ್ದ ನೀರಿನ ಜಾರುಬಂಡೆಯಿಂದ. ನಡುವಿನ ಉಬ್ಬಿನಲ್ಲಿ ರಾಫ್ಟ್ ಗಾಳಿಗೆದ್ದಿತು. ದೋಷ ಇದ್ದದ್ದು ವಿನ್ಯಾಸದಲ್ಲಿ. ಕ್ಯಾನ್ಸಸ್ ರಾಜ್ಯ ತಪಾಸಣೆಯ ಕಾನೂನನ್ನು ಬಿಗಿ ಮಾಡಿದ್ದು ಮರುವರ್ಷ.

2022ರ ಮಾರ್ಚ್‌ನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ 14 ವರ್ಷದ ಹುಡುಗನೊಬ್ಬ ಸುಮಾರು 130 ಮೀಟರ್ ಎತ್ತರದ ಗೋಪುರ ರೈಡ್‌ನಿಂದ ಜಾರಿ ಬಿದ್ದ. ಅವನ ತೂಕ ಆ ರೈಡ್‌ನ ಮಿತಿಗಿಂತ ಹೆಚ್ಚಿತ್ತು. ಅವನು ಕೂತ ಸೀಟಿನ ಸೆನ್ಸರನ್ನು ಕೈಯಿಂದ ಹೊಂದಿಸಿದ್ದರಿಂದ, ಹಾರ್ನೆಸ್ ಸರಿಯಾಗಿ ಕೂರದಿದ್ದರೂ ಯಂತ್ರದ ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ಪಕ್ಕದಲ್ಲಿ ಯಾವ ಚಿಕ್ಕಪ್ಪ ಕೂತಿದ್ದರೂ ಸೆನ್ಸರ್ ಒಳಗೆ ಇಣುಕಿ ನೋಡುತ್ತಿರಲಿಲ್ಲ. ನಮ್ಮಲ್ಲೂ ಅಷ್ಟೇ: 2024ರ ಮೇ ತಿಂಗಳಲ್ಲಿ ರಾಜ್‌ಕೋಟ್‌ನ ಗೇಮ್ ಝೋನ್ ಬೆಂಕಿಯಲ್ಲಿ 27 ಮಂದಿ ಸತ್ತರು, ಮಕ್ಕಳೂ ದೊಡ್ಡವರೂ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಅಲ್ಲಿರಲಿಲ್ಲ.

ಹಾಗಾದರೆ ಮಕ್ಕಳ ವಾದವೇ ಗೆದ್ದಿತೆ? ಇಲ್ಲ. 'ಆರು ಜನ ಒಟ್ಟಿಗೆ ಹೋಗ್ತೀವಲ್ಲ, ಭಯ ಏನು?' ಎಂಬ ಮಾತು ಇನ್ನೂ ದುರ್ಬಲ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. 13ರಿಂದ 16ರ ವಯಸ್ಸಿನವರು ಒಬ್ಬರೇ ಆಡುವಾಗ ತಕ್ಕಮಟ್ಟಿಗೆ ಹುಷಾರಾಗಿದ್ದರು. ಗೆಳೆಯರು ನೋಡುತ್ತಿದ್ದಾರೆ ಎಂದಾಗ ಅಪಾಯಕ್ಕೆ ಕೈಹಾಕುವುದು ಬಹಳ ಹೆಚ್ಚಿತು. 24 ತುಂಬಿದವರಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ತಲೆ ಸುತ್ತುತ್ತಿದ್ದರೂ ಇನ್ನೊಂದು ಸುತ್ತು ಹತ್ತುವುದು, ವೀಸಿಂಗ್ ಇರುವುದನ್ನು ಬಾಯಿಬಿಡದೆ ಸರತಿಯಲ್ಲಿ ನಿಲ್ಲುವುದು, ಎಲ್ಲ ಗುಂಪಿನ ಕೆಲಸ. ಗೇಟಿನ ಬಳಿಯ ಎತ್ತರದ ಅಳತೆಪಟ್ಟಿ ಇದಕ್ಕೆ ಉತ್ತರವಲ್ಲ. ಅದು ಅಳೆಯುವುದು ಸೆಂಟಿಮೀಟರ್, ಹೃದಯದ ತೊಂದರೆಯನ್ನೋ ಫಿಟ್ಸ್ ಬರುವುದನ್ನೋ ಅಲ್ಲ. ಹಾಗಾಗಿ ಮನೆಯಲ್ಲಿ ಕಲಿಸಬೇಕಾದದ್ದು 'ನಾನು ಹತ್ತಲ್ಲ, ನೀವು ಹೋಗ್ರೋ' ಎನ್ನುವ ಸಣ್ಣ ಧೈರ್ಯ. ಹಾರ್ನೆಸ್ ಸಡಿಲ ಅನಿಸಿದರೆ ಕೈ ಎತ್ತಿ ಆಪರೇಟರನ್ನು ಕರೆಯುವುದೂ ಅದರಲ್ಲೇ ಬಂತು.

'ಫಾರಿನ್‌ನಲ್ಲಿ ಮಕ್ಕಳನ್ನು ಹಾಗೇ ಬಿಟ್ಟುಬಿಡ್ತಾರೆ' ಎಂಬುದು ಇನ್ನೊಂದು ನಂಬಿಕೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 14 ತುಂಬದವರ ಜೊತೆ 14 ತುಂಬಿದ ಒಬ್ಬರಾದರೂ ಇರಬೇಕು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್ 2022ರ ಜುಲೈನಲ್ಲಿ, ಹುಡುಗರ ಹೊಡೆದಾಟದಿಂದ ಒಂದು ಸಂಜೆ ಬೇಗ ಮುಚ್ಚಬೇಕಾಗಿ ಬಂದ ಮೇಲೆ, ವಾರಾಂತ್ಯಕ್ಕೆ ದೊಡ್ಡವರ ಜೊತೆಯನ್ನು ಕಡ್ಡಾಯ ಮಾಡಿತು. ಒಹಾಯೊದ ಸೀಡರ್ ಪಾಯಿಂಟ್ 2023ರಲ್ಲಿ ಅದೇ ದಾರಿ ಹಿಡಿಯಿತು: ಸಂಜೆ 4ರ ನಂತರ 15 ವರ್ಷದ ಮತ್ತು ಅದಕ್ಕಿಂತ ಚಿಕ್ಕವರಿಗೆ ಕನಿಷ್ಠ 21 ವರ್ಷದ ಒಬ್ಬರು ಜೊತೆಗಿರಬೇಕು. ಆದರೆ ಆ ದೊಡ್ಡವರು ಮಕ್ಕಳ ಬೆನ್ನಿಗೇ ತಿರುಗಬೇಕಿಲ್ಲ, ಪಾರ್ಕಿನೊಳಗಿದ್ದು ಫೋನಿಗೆ ಸಿಕ್ಕರಾಯಿತು! ಅಂದರೆ ಈ ನಿಯಮ ಹುಟ್ಟಿದ್ದು ಗಲಾಟೆ ತಡೆಯಲು, ರೈಡ್ ಸುರಕ್ಷತೆಗಲ್ಲ.

ಕಡೆಯದು ಫೋನ್. ಕೈಯಲ್ಲಿ ಮೊಬೈಲ್ ಇದೆ, ಏನಾದರೂ ಆದರೆ ಕರೆ ಬರುತ್ತದೆ ಎಂದು ಹೆತ್ತವರು ನಿರಾಳವಾಗುತ್ತಾರೆ. ವಾಟರ್ ಪಾರ್ಕಿನಲ್ಲಿ ದಿನದ ಬಹುಪಾಲು ಹೊತ್ತು ಆ ಮೊಬೈಲ್ ಲಾಕರ್‌ನಲ್ಲಿರುತ್ತದೆ, ಕೈಯಲ್ಲಿ ಉಳಿಯುವುದು ಕೀಲಿ ಮಾತ್ರ. ವೇವ್ ಪೂಲ್‌ನಲ್ಲಿ ಗುಂಪು ಚದುರಿದರೆ ನೆರವಾಗುವುದು ಬೆಳಿಗ್ಗೆಯೇ ಗೊತ್ತುಮಾಡಿಕೊಂಡ ಜಾಗ ಮತ್ತು ಹೊತ್ತು. ಪ್ರಥಮ ಚಿಕಿತ್ಸೆಯ ಕೊಠಡಿ ಎಲ್ಲಿದೆ ಎಂದು ಒಳಗೆ ಕಾಲಿಟ್ಟ ಕೂಡಲೇ ನೋಡಿಟ್ಟುಕೊಂಡರೆ, ಅಲ್ಲಿನ ಫೋನಿನಿಂದ ಮನೆಗೋ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಬಹುದು. ಮನೆಗೆ ಮಾಡುವುದಾದರೆ ಅಮ್ಮನ ನಂಬರಿನ ಹತ್ತೂ ಅಂಕಿ ಬಾಯಿಗೆ ಬರಬೇಕು, ಅಷ್ಟೇ.